ನೆರಳಿನ ಜ್ವರ

ಒಬ್ಬ ಬಸುರಿಯ ಜೀವಕ್ಕೆ ಎಷ್ಟು ಅಪಾಯವಿದೆ ಎಂಬುದನ್ನು ಒಂದೇ ಒಂದು ಅಂಕಿಯಲ್ಲಿ ಹೇಳಲು ಬಂದರೆ?

ಗರ್ಭರಕ್ಷಾ ಕಾಯ್ದೆ ಬಂದ ಮೇಲೆ ಎಲ್ಲರ ಬಾಯಲ್ಲೂ ಇದೇ ಪ್ರಶ್ನೆ. ಗರ್ಭಪಾತ ಪೂರ್ತಿ ನಿಷಿದ್ಧವಾಗಿತ್ತು. ತಾಯಿಯ ಜೀವಕ್ಕೆ ಅಪಾಯವಿದ್ದರೆ ಮಾತ್ರ ವಿನಾಯಿತಿ. ಆದರೆ ಅಪಾಯ ಅಂದರೆ ಎಷ್ಟು? ಜ್ವರ ಬಂದರೆ ಸಾಕೇ, ಪ್ರಜ್ಞೆ ತಪ್ಪಬೇಕೇ, ಉಸಿರು ಸಿಕ್ಕಿಹಾಕಿಕೊಳ್ಳಬೇಕೇ? ಬೇಗ ಕೈ ಹಾಕಿದ ವೈದ್ಯರು ಜೈಲಿಗೆ ಹೋದರು. ಕೈ ಕಟ್ಟಿ ಕುಳಿತವರು ಹೆಣ ಕಳಿಸಿಕೊಟ್ಟರು. ಹೊಸದಾಗಿ ಓದಿ ಬಂದವರು ಹೆರಿಗೆಯ ತಂಟೆಯೇ ಬೇಡವೆಂದು ಕಣ್ಣು, ಕಿವಿ, ಚರ್ಮದ ಕಡೆ ತಿರುಗಿಕೊಂಡರು. ಸಣ್ಣ ಊರುಗಳಲ್ಲಿ ಹೆರಿಗೆ ವಾರ್ಡುಗಳಿಗೆ ಬೀಗ ಬಿತ್ತು. ಗರ್ಭ ಉಳಿಸಿಕೊಳ್ಳಬೇಕೆಂದು ಹಂಬಲಿಸುವ ಹೆಂಗಸು ಕೂಡ ತೋರಿಸಿಕೊಳ್ಳಲು ಎರಡು ಬಸ್ಸು ಬದಲಿಸಬೇಕಾಯಿತು.

ಆಗ ಬಂದದ್ದು ಕಾವಲು ಬಳೆ. ಗಾಜಿನ ಬಳೆಯಷ್ಟೇ ಹಗುರ, ಹಸಿರು ಬಣ್ಣ. ನಾಡಿ, ಮೈಬಿಸಿ, ರಕ್ತದೊತ್ತಡ, ಬೆವರಿನ ಉಪ್ಪು ಎಲ್ಲವನ್ನೂ ಓದಿ ಹುಬ್ಬಳ್ಳಿಯ ಕಾವಲು ಕೇಂದ್ರಕ್ಕೆ ಕಳಿಸುತ್ತದೆ. ಅಲ್ಲಿ ಯಂತ್ರ ಸೊನ್ನೆಯಿಂದ ನೂರರೊಳಗೆ ಒಂದು ಅಂಕಿ ಕಟ್ಟುತ್ತದೆ. ಅದಕ್ಕೆ ಅಪಾಯಾಂಕ ಎಂದು ಹೆಸರು. ಅಂಕಿ ಎಪ್ಪತ್ತು ದಾಟಿದರೆ ಆಸ್ಪತ್ರೆಯ ಗೋಡೆಯಲ್ಲಿರುವ ಉಕ್ಕಿನ ಕಪಾಟು ತಾನಾಗಿ ತೆರೆದುಕೊಳ್ಳುತ್ತದೆ. ಗರ್ಭ ಇಳಿಸುವ ಗುಳಿಗೆ, ಸಲಕರಣೆ ಎಲ್ಲ ಅದರೊಳಗೆ. ಅದೇ ಗುಳಿಗೆ ಹೆರಿಗೆಯ ನಂತರ ನಿಲ್ಲದ ರಕ್ತವನ್ನು ನಿಲ್ಲಿಸಲಿಕ್ಕೂ ಬೇಕು ಎಂಬುದು ಕಾಯ್ದೆ ಬರೆದವರಿಗೆ ಹೊಳೆದಿರಲಿಲ್ಲ. ಹಾಗಾಗಿ ಆಗ ತಾನೇ ಹೆತ್ತವಳ ರಕ್ತ ಹರಿಯುತ್ತಿದ್ದಾಗಲೂ ನರ್ಸಮ್ಮಂದಿರು ಕಪಾಟಿನ ಮುಂದೆ ನಿಂತು ಅಂಕಿ ಏರುವುದನ್ನು ಕಾಯುತ್ತಿದ್ದರು.

ಕಸ್ತೂರಿ ಹೊಂಬಳ ಆ ಕೇಂದ್ರದಲ್ಲಿ ಅಂಕಿ ವಿಭಾಗದ ಮುಖ್ಯಸ್ಥೆ. ಮನೆ ಗದಗಿನಲ್ಲಿ, ದಿನಾ ಬೆಳಗಿನ ರೈಲಿಗೆ ಹುಬ್ಬಳ್ಳಿ, ಸಂಜೆಯ ರೈಲಿಗೆ ವಾಪಸ್ಸು. ಕಾಯ್ದೆ ಅವಳಿಗೆ ಒಪ್ಪಿಗೆಯಾಗಿರಲಿಲ್ಲ. ಆದರೂ ಅಂಕಿ ಸರಿಯಾಗಿದ್ದರೆ ವೈದ್ಯರ ಹೆದರಿಕೆಯಾದರೂ ಹೋದೀತು ಎಂಬ ನಂಬಿಕೆಯಿಂದ ಕೆಲಸಕ್ಕೆ ಸೇರಿದ್ದಳು. ಆ ನಂಬಿಕೆಯನ್ನು ಅವಳ ನಾದಿನಿ ಪಾರಿಜಾತ ಮೈಮೇಲೆ ಧರಿಸಿಕೊಂಡೇ ತವರಿಗೆ ಬಂದಿಳಿದಳು.

ಪಾರಿಗೆ ಐದನೆಯ ತಿಂಗಳು. ಎರಡು ಸಲ ನಿಲ್ಲದೆ ಹೋಗಿ ಮೂರನೆಯ ಸಲ ನಿಂತ ಬಸಿರು. ತವರಿನವರು ಸದ್ದಿಲ್ಲದೆ ಉಡಿ ತುಂಬುವ ಕಳ್ಳ ಕುಬುಸಕ್ಕೆ ಅವಳ ತಾಯಿ ನೀಲವ್ವ ಐದು ಥರದ ಬುತ್ತಿ ಕಟ್ಟುವ ತಯಾರಿಯಲ್ಲಿದ್ದಳು. ಕಸ್ತೂರಿಯ ಆರು ವರ್ಷದ ಮಗಳು ತುಂಗಾ ಅತ್ತೆಯ ಹೊಟ್ಟೆಗೆ ಕಿವಿಯಿಟ್ಟು ಒಳಗಿನವರ ಜೊತೆ ಜಗಳಕ್ಕಿಳಿದಿದ್ದಳು, ಹೊರಗೆ ಬಂದರೂ ತನ್ನ ಸೈಕಲ್ ಕೊಡುವುದಿಲ್ಲ ಎಂದು.

"ನನ್ನ ಗಂಡಗಿಂತ ಈ ಬಳೀನ ವಾಸಿ ನೋಡ್ರಿ ವೈನಿ," ಎಂದಿದ್ದಳು ಪಾರಿ ಕೈ ಎತ್ತಿ ತೋರಿಸಿ. "ಅವ ವಾರಕ್ಕೊಮ್ಮೆ ಫೋನ್ ಮಾಡ್ತಾನ. ಇದು ಗಳಿಗಿಗೊಮ್ಮೆ ಹ್ಯಾಂಗದೀ ಅಂತ ಕೇಳ್ತೈತಿ."

ಮರುದಿನ ಮಧ್ಯಾಹ್ನ ಬುತ್ತಿಗೆ ಒಗ್ಗರಣೆ ಬೀಳುವ ಹೊತ್ತಿಗೆ ಅವಳ ನೀರು ಒಡೆಯಿತು. ನೋವಿಲ್ಲ, ಏನಿಲ್ಲ, ಕುಳಿತಲ್ಲೇ ಸೀರೆ ಒದ್ದೆ.

ನೀಲಗಂಗಾ ಹೆರಿಗೆ ಆಸ್ಪತ್ರೆಯ ಡಾಕ್ಟರ್ ರುಕ್ಸಾನಾ ಪರೀಕ್ಷೆ ಮಾಡಿ ಕಸ್ತೂರಿಯನ್ನು ಹೊರಗೆ ಕರೆದರು. ಕೂಸಿನ ಸುತ್ತಲಿನ ನೀರು ಪೂರ್ತಿ ಹೋಗಿದೆ, ಇಷ್ಟು ಎಳೆಯ ಕೂಸು ಹೊರಗೆ ಬಂದರೆ ಬದುಕುವುದಿಲ್ಲ, ಒಳಗಿದ್ದರೂ ಬೆಳೆಯುವುದಿಲ್ಲ ಎಂದರು. ಹಿಂದೆಲ್ಲ ಹೀಗಾದರೆ ತಾಯಿಗೆ ತಿಳಿಸಿ, ಅವಳು ಒಪ್ಪಿದರೆ ಅವತ್ತೇ ಗರ್ಭ ಇಳಿಸುತ್ತಿದ್ದರಂತೆ, ಒಳಗೆ ನಂಜಾಗಬಾರದು ಎಂದು. ಈಗ ಕೂಸಿನ ಎದೆ ಇನ್ನೂ ಬಡಿಯುತ್ತಿದೆ, ಪಾರಿಯ ಅಂಕಿ ಇಪ್ಪತ್ತೆರಡು. ಕಾಯಬೇಕು. ಯಾವುದಕ್ಕೆ ಕಾಯಬೇಕು ಎಂದು ಕಸ್ತೂರಿ ಕೇಳಲಿಲ್ಲ. ಅಂಕಿಯ ಲೆಕ್ಕ ಅವಳದೇ ವಿಭಾಗದ್ದು.

ಪಾರಿಗೆ ಎಲ್ಲವನ್ನೂ ಹೇಳಿದರು. ಅವಳು ಮೊದಲು ಕೂಸಿಗೆ ನೋವಾಗುತ್ತದೋ ಎಂದು ಕೇಳಿದಳು. ಆಮೇಲೆ, ಉಳಿಯದಿದ್ದರೆ ಬಿಡಿಸಿಬಿಡಿ, ನನಗೆ ಬದುಕಬೇಕು ಎಂದಳು. ರುಕ್ಸಾನಾ ತಲೆ ತಗ್ಗಿಸಿ, ಅದನ್ನು ತೀರ್ಮಾನಿಸುವುದು ಈಗ ನೀನೂ ಅಲ್ಲ, ನಾನೂ ಅಲ್ಲ ಎಂದರು.

ಮರುದಿನ ಬೆಳಿಗ್ಗೆ ಪಾರಿಗೆ ಚಳಿ ಹತ್ತಿತು. ಕಸ್ತೂರಿ ಮಗಳನ್ನು ಪಕ್ಕದ ಮನೆಗೆ ಬಿಟ್ಟು ರೈಲು ಹಿಡಿದಳು. ಆಸ್ಪತ್ರೆಯಲ್ಲಿ ಕುಳಿತರೆ ಅತ್ತೆ ನೀಲವ್ವನ ಜೊತೆ ಅಳಬಹುದಿತ್ತು ಅಷ್ಟೇ. ಕೇಂದ್ರದಲ್ಲಾದರೆ ಅಂಕಿಯನ್ನು ಕಣ್ಣಿಟ್ಟು ನೋಡಬಹುದು.

ಕಾವಲು ಕೇಂದ್ರದ ದೊಡ್ಡ ಕೋಣೆಯಲ್ಲಿ ಒಂದಿಡೀ ಗೋಡೆ ರಾಜ್ಯದ ನಕ್ಷೆ. ಒಂದೊಂದು ಆಸ್ಪತ್ರೆಯೂ ಒಂದೊಂದು ಚುಕ್ಕಿ. ಕಸ್ತೂರಿ ಗದಗಿನ ಚುಕ್ಕಿ ತೆರೆದು ಪಾರಿಯ ಹೆಸರು ಹಿಡಿದಳು. ಅಂಕಿ ಐವತ್ತೆಂಟು. ನೋಡುತ್ತಿದ್ದಂತೆ ಅರವತ್ತನಾಲ್ಕಾಯಿತು. ಇನ್ನೊಂದಿಷ್ಟು ಏರಿದರೆ ಕಪಾಟು ತೆರೆಯುತ್ತದೆ. ಏರಲಿಲ್ಲ. ಇಳಿಯಿತು. ಐವತ್ತೊಂದು. ಮತ್ತೆ ಏರಿತು, ಮತ್ತೆ ಇಳಿಯಿತು. ಬೆಳಗಿನಿಂದ ಬಂದ ಗೆರೆಯನ್ನು ಬಿಡಿಸಿ ನೋಡಿದರೆ ಗರಗಸದ ಹಲ್ಲಿನಂತೆ ಕಂಡಿತು. ಕೆಳಗೆ ಯಂತ್ರ ತಾನಾಗಿ ಕಳಿಸಿದ ಸೂಚನೆ ಬೇರೆ: 'ಬಳೆ ಸಡಿಲವಾಗಿರುವ ಸಂಭವವಿದೆ. ಬಿಗಿಗೊಳಿಸಿ.'

ಅವಳು ವಾರ್ಡಿಗೆ ಫೋನ್ ಮಾಡಿದಳು. ಎತ್ತಿದ್ದು ಸಿಸ್ಟರ್ ಮಾರ್ಥಾ, ಬೆಟಗೇರಿಯವಳು, ಆ ಆಸ್ಪತ್ರೆಯಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವಳು.

"ಬಳಿ ಸಡಿಲ ಇಲ್ಲರೀ. ನಾನ ಮೂರು ಸಲ ಬಿಗಿ ಮಾಡೀನಿ. ಇನ್ನ ಬಿಗಿ ಮಾಡಿದ್ರ ಕೈ ಬಾತೀತು."

ಹಾಗಾದರೆ ಅಂಕಿ ಇಳಿದಾಗಲೆಲ್ಲ ಅಲ್ಲಿ ಏನಾಯಿತು ಎಂದು ಕಸ್ತೂರಿ ಒಂದೊಂದೇ ಹಲ್ಲು ಹಿಡಿದು ಕೇಳಿದಳು. ಮೊದಲ ಸಲ ಇಳಿದಾಗ? ಜ್ವರದ ಗುಳಿಗೆ ಕೊಟ್ಟಿದ್ದೆ. ಎರಡನೆಯ ಸಲ? ಸಲೈನ್ ಬಾಟಲಿ ಬದಲಿಸಿ ಜೋರಾಗಿ ಬಿಟ್ಟೆ. ಆಮೇಲೆ? ನಿಮ್ಮ ಅತ್ತೆ ಹಣೆಗೆ, ಅಂಗೈಗೆ, ಮುಂಗೈಗೆ ತಣ್ಣೀರು ಬಟ್ಟೆ ಹಾಕುತ್ತಿದ್ದಾರೆ. ಬಳೆಯ ಮೇಲೆಯೋ? ಹೌದು, ಬಳೆಯ ಮೇಲೆಯೇ. ಜ್ವರ ಬಂದವರಿಗೆ ಎಲ್ಲರೂ ಮಾಡುವುದು ಅದೇ ಅಲ್ಲವೇ? ಮೊದಲು ಜ್ವರ ಇಳಿಸು, ಆಮೇಲೆ ಡಾಕ್ಟರನ್ನು ಕರೆ, ಹಾಗಂತಲೇ ತಮಗೆ ಕಲಿಸಿದ್ದು ಎಂದಳು ಮಾರ್ಥಾ, ತುಸು ಬೇಸರದಿಂದ.

ಕಸ್ತೂರಿಗೆ ಆಗ ಹೊಳೆಯಿತು. ಯಂತ್ರ ಅಳೆಯುತ್ತಿದ್ದದ್ದು ಪಾರಿಯ ರೋಗವನ್ನಲ್ಲ. ಮಾರ್ಥಾಳ ಆರೈಕೆಯನ್ನು, ನೀಲವ್ವನ ಒದ್ದೆ ಬಟ್ಟೆಯನ್ನು. ಅವರು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರೋ ಕಪಾಟು ಅಷ್ಟು ಗಟ್ಟಿಯಾಗಿ ಮುಚ್ಚಿರುತ್ತದೆ.

ಇದನ್ನು ಅವಳು ರುಕ್ಸಾನಾಗೆ ಹೇಳಿದಳು. ರಕ್ತದ ವರದಿ ಬಂದಿದೆ, ನಂಜು ಗರ್ಭ ದಾಟಿ ರಕ್ತಕ್ಕೆ ಇಳಿದಿದೆ ಎಂದರು ಡಾಕ್ಟರು. ಕೊಡಬೇಕಾದ ಔಷಧವನ್ನೆಲ್ಲ ಕೊಡುತ್ತಿದ್ದಾರೆ. ಆದರೆ ಬೇರು ಗರ್ಭದಲ್ಲಿದೆ. ಅದನ್ನು ಬಿಟ್ಟು ಉಳಿದದ್ದೆಲ್ಲ ಮಾಡುವುದೆಂದರೆ ಒಲೆ ಆರಿಸದೆ ಉಕ್ಕುವ ಹಾಲಿಗೆ ನೀರು ಚಿಮುಕಿಸಿದಂತೆ. ಎಷ್ಟೋ ಸಲ ಚಿಮುಕಿಸಬಹುದು, ಕೊನೆಗೊಮ್ಮೆ ಉಕ್ಕಿಯೇ ಉಕ್ಕುತ್ತದೆ. ಆಗ ಬೀಗ ತೆರೆದು ಫಲವಿಲ್ಲ. ದೊಡ್ಡ ಊರಿಗೆ ಕಳಿಸಿದರೂ ಅಲ್ಲಿನ ಕಪಾಟೂ ಇದೇ ಅಂಕಿಯನ್ನೇ ಕೇಳುತ್ತದೆ.

"ಒಂದ ದಾರಿ ಐತಿ," ಎಂದರು ರುಕ್ಸಾನಾ. ದನಿ ಸಣ್ಣದಾಗಿತ್ತು. "ಗುಳಗಿ ನಿಲ್ಲಸ್ತೀನಿ. ಸಲೈನ್ ತಗೀತೀನಿ. ಜ್ವರ ಏರಲಿ. ಬ್ಯಾರೆ ಕಡೆ ಒಬ್ಬರು ಹಂಗ ಮಾಡಿ ಬೀಗ ತಗಿಸ್ಯಾರಂತ."

"ಆಕಿ ಉಳದಳೇನು, ಅವರ ಪೇಶಂಟು?"

"ನನಗ ಬ್ಯಾರೆ ದಾರಿ ಕಾಣವಲ್ದು," ಎಂದು ಡಾಕ್ಟರು ಫೋನ್ ಇಟ್ಟರು.

ವಾರ್ಡಿನಲ್ಲಿ ರುಕ್ಸಾನಾ ನೀಲವ್ವನ ಪಕ್ಕ ಕುಳಿತು ಮೆಲ್ಲಗೆ ವಿಷಯ ತಿಳಿಸಿದರು. ಆ ಮುದುಕಿಗೆ ಯಂತ್ರ, ಅಂಕಿ ಒಂದೂ ಬಗೆಹರಿಯಲಿಲ್ಲ. ಬಟ್ಟೆ ತೆಗೆಯಬೇಕು ಎಂಬುದಷ್ಟೇ ತಿಳಿಯಿತು. ಅವಳು ತಟ್ಟೆಯ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ, ಮಗಳ ಹಣೆಯ ಮೇಲೆ ಹಾಕಿ, ಅದರ ಮೇಲೆ ತನ್ನ ಅಂಗೈ ಇಟ್ಟಳು.

"ನನ್ನ ಮಗಳಿಗೆ ಇನ್ನಷ್ಟು ಜಡ್ಡಾಗ್ಲಿ ಅಂತ ನಾ ಕಾಯ್ಕೋತ ಕೂಡ್ಬೇಕೇನವಾ? ಹಡದಾಕಿ ನಾ, ಹ್ಯಾಂಗ ಸುಮ್ನಿರ್ಲಿ? ನೀನ ಹೇಳು."

ಮಾರ್ಥಾ ಸಲೈನ್ ಕೊಳವೆಯ ಮೇಲೆ ಬೆರಳಿಟ್ಟವಳು ತೆಗೆದುಬಿಟ್ಟಳು. ನನ್ನಿಂದಾಗುವುದಿಲ್ಲ ಎಂದಳು. ರುಕ್ಸಾನಾ ಎದ್ದು ಹೋಗಿ ಕಪಾಟಿನ ಎದುರು ನಿಂತರು. ತನ್ನಿಂದಲೂ ಆಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಪಾರಿ ಕಣ್ಣು ಬಿಡದೆಯೇ, ಕಾಲು ತಣ್ಣಗಾಗುತ್ತಿವೆ ಎಂದು ಗೊಣಗಿದಳು.

ಹುಬ್ಬಳ್ಳಿಯಲ್ಲಿ ಕಸ್ತೂರಿ ಗರಗಸದ ಗೆರೆಯನ್ನೇ ದಿಟ್ಟಿಸುತ್ತಿದ್ದಳು. 'ಬಳೆ ಸಡಿಲವಾಗಿರುವ ಸಂಭವವಿದೆ.' ಮಾರ್ಥಾ ಬಿಗಿ ಮಾಡಿದ್ದರೂ ಯಂತ್ರ ಮತ್ತೆ ಮತ್ತೆ ಹಾಗೆನ್ನುತ್ತಿದೆ. ಯಾಕೆ? ಸಡಿಲವೆಂದು ಅದಕ್ಕೆ ಹೇಳಿದವರು ಯಾರು?

ನೆರಳು.

ಅವಳು ಕುರ್ಚಿಯಿಂದ ಅರ್ಧ ಎದ್ದಳು. ಬಳೆ ತೊಟ್ಟ ಪ್ರತಿ ಹೆಂಗಸಿಗೂ ಯಂತ್ರದೊಳಗೆ ಒಂದು ನೆರಳಿತ್ತು. ಅದೇ ವಯಸ್ಸು, ಅದೇ ತೂಕ, ಅದೇ ಹಿಂದಿನ ನಾಡಿ ಇಟ್ಟುಕೊಂಡು ಲೆಕ್ಕದಲ್ಲೇ ಬದುಕುವ ಒಂದು ಮೈ. ಅದನ್ನು ಕಟ್ಟಿದ್ದು ಬಳೆ ಕೆಟ್ಟರೆ ಗೊತ್ತಾಗಲೆಂದು ಮಾತ್ರ. ರೋಗ ಶುರುವಾದ ಗತಿಯನ್ನು ಬಳೆಯಿಂದ ಹಿಡಿದುಕೊಂಡು, ಈ ಹೆಂಗಸಿನ ಮೈಬಿಸಿ ಈಗ ಇಷ್ಟಿರಬೇಕು ಎಂದು ನೆರಳು ಮುಂದಾಗಿ ಊಹಿಸುತ್ತದೆ. ಬಳೆ ಬೇರೆಯದೇ ಹೇಳಿದರೆ ಬಳೆ ಸಡಿಲವೆಂದು ಯಂತ್ರ ತೀರ್ಮಾನಿಸುತ್ತದೆ. ನೆರಳಿನ ಹಣೆಗೆ ಯಾರೂ ಒದ್ದೆ ಬಟ್ಟೆ ಹಾಕುವುದಿಲ್ಲ. ನೆರಳಿಗೆ ಗುಳಿಗೆ ಇಲ್ಲ, ಸಲೈನ್ ಇಲ್ಲ, ಅವ್ವ ಇಲ್ಲ. ಗುಳಿಗೆ ನುಂಗಿದ ಪಾರಿಯ ಜ್ವರ ಇಳಿದಾಗ ನೆರಳಿನ ಜ್ವರ ಏರುತ್ತಲೇ ಹೋಗಿದೆ. ಯಂತ್ರ ಎರಡನ್ನೂ ಪಕ್ಕಪಕ್ಕ ನೋಡಿ, ತಪ್ಪು ಬಳೆಯದ್ದೆಂದು ತಿಳಿದುಕೊಂಡಿದೆ!

ಕಸ್ತೂರಿ ಪಾರಿಯ ನೆರಳನ್ನು ತೆರೆದಳು. ಇದುವರೆಗೆ ಅದರ ಅಪಾಯಾಂಕವನ್ನು ಯಾರೂ ಕೇಳಿರಲಿಲ್ಲ. ಸಡಿಲ ಬಳೆ ಹುಡುಕುವ ಸಾಧನಕ್ಕೆ ಯಾಕೆ ಬೇಕು ಅಂಕಿ? ಅವಳು ಕೇಳಿದಳು. ಯಂತ್ರ ಉತ್ತರ ಕೊಟ್ಟಿತು.

ಎಂಬತ್ತಾರು.

ಗೆರೆಯಲ್ಲಿ ಒಂದೂ ಹಲ್ಲಿರಲಿಲ್ಲ. ಬೆಳಿಗ್ಗೆ ಚಳಿ ಹತ್ತಿದಾಗಲೇ ಎಪ್ಪತ್ತು ದಾಟಿ ನುಣ್ಣಗೆ ಮೇಲೇರಿತ್ತು. ಒಂದೇ ನೆರಳನ್ನು ನಂಬುವುದು ಹೇಗೆ? ಅವಳು ಹಿಂದಿನ ವರ್ಷ ತೀರಿಹೋದ ತಾಯಂದಿರ ನೆರಳುಗಳನ್ನು ಹೊರತೆಗೆದಳು. ಒಬ್ಬಳದು, ಇನ್ನೊಬ್ಬಳದು, ಮತ್ತೊಬ್ಬಳದು. ಎಲ್ಲ ಕಡೆ ಅದೇ: ಬಳೆಯ ಗೆರೆ ಗರಗಸ, ನೆರಳಿನ ಗೆರೆ ಏಣಿ. ಕಪಾಟು ತೆರೆದದ್ದು ಗರಗಸ ಮುರಿದು ಮೈ ಸೋತ ಮೇಲೆ. ಸಾದಾ ಜ್ವರ ಬಂದು ಗುಣವಾಗಿ ಮನೆಗೆ ಹೋದವರ ನೆರಳು ನೋಡಿದಳು. ಅವು ಏರದೆ ಸುಮ್ಮನೆ ಮಲಗಿದ್ದವು. ನೆರಳು ಸುಳ್ಳು ಹೇಳುವುದಿಲ್ಲ.

ಕಪಾಟು ಬಳೆಯ ಮಾತು ಕೇಳುವ ಬದಲು ನೆರಳಿನ ಮಾತು ಕೇಳಬೇಕು, ಅಷ್ಟೇ. ಬದಲಾವಣೆ ಬಹಳ ಸಣ್ಣದು. ಆದರೆ ಅದಕ್ಕೆ ಇಬ್ಬರ ಬೆರಳೊತ್ತು ಬೇಕು, ಒಂದು ಅವಳದು, ಇನ್ನೊಂದು ಕೇಂದ್ರದ ನಿರ್ದೇಶಕರಾದ, ಅಂಗಡಿ ಎಂಬ ಅಡ್ಡಹೆಸರಿನವರದು.

ಅಂಗಡಿಯವರು ಕಾನೂನು ಓದಿ ಬಂದವರು. ನಿಯಮದ ಪ್ರಕಾರ ಉಗುರು ಕತ್ತರಿಸುವ ಮನುಷ್ಯ ಎಂದು ಕೇಂದ್ರದಲ್ಲಿ ನಗುತ್ತಿದ್ದರು. ಕಸ್ತೂರಿ ಹೇಳಿದ್ದನ್ನೆಲ್ಲ ಕೇಳಿ, ಎರಡೂ ಗೆರೆಗಳನ್ನು ನೋಡಿ, ಕನ್ನಡಕ ಒರೆಸಿಕೊಂಡರು. ಇದು ರಾಜಧಾನಿಯ ಸಮಿತಿಗೆ ಹೋಗಬೇಕಾದ ವಿಷಯ ಎಂದರು. ಸಮಿತಿ ಸೇರುವುದು ಮುಂದಿನ ತಿಂಗಳು.

"ಮುಂದಿನ ತಿಂಗಳತನಕ ಪಾರಿ ಇರೂದಿಲ್ರಿ ಸರ್."

"ಪಾರಿ ಯಾರು?"

ಕಸ್ತೂರಿ ಮುಚ್ಚಿಡಲಿಲ್ಲ. ನನ್ನ ನಾದಿನಿ ಎಂದಳು. ಅಂಗಡಿಯವರ ಮುಖ ಬಿಗಿಯಿತು. ಸ್ವಂತದವರಿಗಾಗಿ ರಾಜ್ಯದ ಯಂತ್ರ ತಿರುಗಿಸುವುದೇ ಎಂದು ಕೇಳಿದರು. ಅವರು ಸಿಟ್ಟಾದದ್ದು ನ್ಯಾಯವಾಗಿಯೇ ಇತ್ತು.

"ಆಕಿಗೊಬ್ಬಾಕಿಗೆ ಮಾಡಾಕ ಬರೂದಿಲ್ರಿ. ಮಾಡಿದ್ರ ಎಲ್ಲಾರಿಗೂ ಆಕ್ಕೈತಿ. ಅದಕ್ಕ ಕೇಳಾಕತ್ತೀನಿ. ಕಾಯ್ದೆದಾಗ ಏನೈತಿ, ಒಮ್ಮೆ ಬಾಯಿಬಿಟ್ಟು ಹೇಳ್ರಿ ಸರ್."

ಕಾಯ್ದೆಯೆಂದರೆ ಅಂಗಡಿಯವರಿಗೆ ಮಂತ್ರವಿದ್ದಂತೆ. ನೋಡದೆಯೇ ಒಪ್ಪಿಸಲು ಶುರುಮಾಡಿದರು. "ಕಲಂ ಒಂಬತ್ತು. ಚಿಕಿತ್ಸೆ ದೊರೆಯದಿದ್ದಲ್ಲಿ ತಾಯಿಯ ಜೀವಕ್ಕೆ ಅಪಾಯ ಒದಗುವಂತಿದ್ದರೆ..." ಎಂದವರು ಅಲ್ಲಿಗೇ ನಿಂತರು.

ಎಲ್ಲರೂ ಬಾಯಿಪಾಠ ಮಾಡಿಕೊಂಡಿದ್ದು ಅಪಾಯವನ್ನು ಮಾತ್ರ. ಮೊದಲಿನ ಭಾಗ ಯಾರ ಲಕ್ಷ್ಯಕ್ಕೂ ಬಂದಿರಲಿಲ್ಲ. ಚಿಕಿತ್ಸೆ ಸಿಗದಿದ್ದರೆ ಆ ಮೈ ಏನಾಗುತ್ತಿತ್ತು ಎಂದು ಕಾಯ್ದೆ ಕೇಳಿತ್ತು. ಅದಕ್ಕೆ ಉತ್ತರ ಕೊಡಬಲ್ಲದ್ದು ನೆರಳೊಂದೇ. ಬಳೆ ಹೇಳುತ್ತಿದ್ದದ್ದು ಚಿಕಿತ್ಸೆ ಸಿಕ್ಕ ಮೇಲಿನ ಮಾತು.

"ಹಂಗಾದ್ರ," ಎಂದರು ಅಂಗಡಿಯವರು ನಿಧಾನವಾಗಿ, "ಇಷ್ಟು ದಿನ ಕಾಯ್ದೆ ಮುರದವರು ನಾವ ಆದ್ವಿ."

ಅವರು ಗೋಡೆಯ ಕಡೆ ತಿರುಗಿದರು. ಈಗ ಈ ಗಳಿಗೆಯಲ್ಲಿ ಎಲ್ಲೆಲ್ಲಿ 'ಸಡಿಲ ಬಳೆ' ಇದೆ ತೋರಿಸಿ ಎಂದರು. ಕಸ್ತೂರಿ ತೋರಿಸಿದಳು. ಬೀದರಿನಿಂದ ಕಾರವಾರದವರೆಗೆ, ಕೊಳ್ಳೇಗಾಲದವರೆಗೆ ಹಳದಿ ಚುಕ್ಕಿಗಳು ಮಿನುಗಿದವು. ಆ ಊರುಗಳಿಗೆಲ್ಲ ಬಳೆ ಬಿಗಿಗೊಳಿಸಲು ಮೆಕ್ಯಾನಿಕ್ ಕಳಿಸುವ ಆದೇಶಕ್ಕೆ ದಿನಾ ಸಹಿ ಹಾಕುತ್ತಿದ್ದವರು ಅಂಗಡಿಯವರೇ. ಅವರು ಹೆಚ್ಚು ಹೊತ್ತು ನೋಡುತ್ತ ನಿಲ್ಲಲಿಲ್ಲ. ಅಂಗಿಯ ತೋಳು ಮಡಚಿ, ಬೆರಳಚ್ಚು ಓದುವ ಗಾಜಿನ ತಟ್ಟೆಯ ಮೇಲೆ ಬೆರಳೊತ್ತಿದರು. ಕಸ್ತೂರಿಯೂ ಒತ್ತಿದಳು.

ಮೊದಲು ಏನೂ ಆಗಲಿಲ್ಲ. ಆಮೇಲೆ ಗದಗ ಹಸಿರಾಯಿತು.

ನೀಲಗಂಗಾ ಆಸ್ಪತ್ರೆಯ ವಾರ್ಡಿನಲ್ಲಿ ಉಕ್ಕಿನ ಬಾಗಿಲು ಕಟ್ಟೆಂದು ಸಡಿಲಿತು. ಅದಕ್ಕೆ ಹಣೆ ಊರಿ ನಿಂತಿದ್ದ ರುಕ್ಸಾನಾ ಬಾಗಿಲು ತಾಗಿ ಬೆಚ್ಚಿಬಿದ್ದರು. ಒಂದು ಕ್ಷಣ ಅಂಕಿ ನೋಡಿದರು, ಒಂದು ಕ್ಷಣ ಮಾರ್ಥಾಳನ್ನು ನೋಡಿದರು. ಕಸ್ತೂರಿ ಫೋನಿನಲ್ಲಿ ಎಲ್ಲವನ್ನೂ ಹೇಳಿ ಮುಗಿಸುವ ಮೊದಲೇ ಅವರು ಫೋನನ್ನು ನೀಲವ್ವನ ಕೈಗಿಟ್ಟು ಒಳಗೆ ಓಡಿದ್ದರು.

"ಬಟ್ಟಿ ತಗೀಬೇಕೇನವಾ ಈಗ?" ಎಂದು ಕೇಳಿದಳು ನೀಲವ್ವ.

"ಬ್ಯಾಡ್ರಿ ಅತ್ತಿ," ಎಂದಳು ಕಸ್ತೂರಿ. "ಹಾಕ್ರಿ. ಎಷ್ಟ್ ಬೇಕಾದ್ರೂ ಹಾಕ್ರಿ."

ಫೋನ್ ಇಟ್ಟು ತಲೆಯೆತ್ತಿದರೆ ಗೋಡೆ ಬದಲಾಗುತ್ತಿತ್ತು. ಯಾದಗಿರಿ ಹಸಿರಾಯಿತು. ಅಥಣಿ. ಹೊಸದುರ್ಗ. ಒಂದರ ಹಿಂದೊಂದು, ಆಮೇಲೆ ಒಟ್ಟೊಟ್ಟಿಗೆ, ಜೋಳದ ಅರಳು ಸಿಡಿದಂತೆ. ಇಷ್ಟೊಂದು ಜನ! ಅವಳ ಮನಸ್ಸಿನಲ್ಲಿದ್ದದ್ದು ಒಂದೇ ಮಂಚ. ಈಗ ಗೋಡೆಯ ತುಂಬ ಮಂಚಗಳು. ಎಲ್ಲೆಲ್ಲೋ ಯಾರೋ ಗುಳಿಗೆ ನುಂಗಿಸುತ್ತ, ಬಟ್ಟೆ ಹಿಂಡುತ್ತ, ಬಾಗಿಲು ಯಾಕೆ ತೆರೆಯುವುದಿಲ್ಲ ಎಂದು ಕುಳಿತವರು. ಕೋಣೆಯಲ್ಲಿದ್ದ ಸಿಬ್ಬಂದಿಯೆಲ್ಲ ಎದ್ದು ನಿಂತಿದ್ದರು. ಯಾರೋ ಒಬ್ಬಳು ತನ್ನ ತಂಗಿಯ ಊರಿನ ಹೆಸರು ಹೇಳಿ ಬಾಯಿ ಮುಚ್ಚಿಕೊಂಡಳು.

ಆಮೇಲೆ ಫೋನುಗಳು ಶುರುವಾದವು. ಎಲ್ಲರದೂ ಒಂದೇ ಪ್ರಶ್ನೆ. ಬಳೆಯ ಅಂಕಿ ಕಡಿಮೆ ಇದೆ, ಬಾಗಿಲು ತೆರೆದಿದೆ. ಯಾರಾದರೂ ನಮ್ಮನ್ನು ಸಿಕ್ಕಿಸಿಹಾಕಲು ಮಾಡಿದ್ದೋ? ರಾಜಧಾನಿಯಿಂದಲೂ ಫೋನ್ ಬಂತು. ಅದನ್ನು ಅಂಗಡಿಯವರು ತಮ್ಮ ಕೋಣೆಗೆ ತೆಗೆದುಕೊಂಡು ಹೋದರು. ಹೋಗುವಾಗ, ಅವರಿಗೆ ನಾನು ಕಲಂ ಒಂಬತ್ತು ಓದಿ ಹೇಳುತ್ತೇನೆ, ನೀವು ಡಾಕ್ಟರುಗಳಿಗೆ ಉತ್ತರ ಕೊಡಿ ಎಂದರು. ಗಾಜಿನ ಆಚೆ ಅವರು ನಿಂತೇ ಮಾತಾಡುತ್ತಿರುವುದು, ಒಂದೇ ವಾಕ್ಯವನ್ನು ಮತ್ತೆ ಮತ್ತೆ ಹೇಳುತ್ತಿರುವುದು ಕಾಣುತ್ತಿತ್ತು. ನಾಳೆ ಕಾಯ್ದೆಯನ್ನೇ ತಿದ್ದಿಯಾರು, ಅವರಿಬ್ಬರನ್ನೂ ಕಿತ್ತುಹಾಕಿಯಾರು. ಇವತ್ತು ಮಾತ್ರ ಬಾಗಿಲುಗಳು ತೆರೆದಿವೆ.

ಸಂಜೆ ಇಳಿಬಿಸಿಲಲ್ಲಿ ರುಕ್ಸಾನಾ ಫೋನ್ ಮಾಡಿದರು. ಆಯಿತು ಎಂದರು. ರಕ್ತದೊತ್ತಡ ಹಿಡಿತಕ್ಕೆ ಬಂದಿದೆ, ಬಟ್ಟೆಯಿಲ್ಲದೆಯೇ ಮೈ ತಣ್ಣಗಾಗುತ್ತಿದೆ, ಕಾಲಿಗೆ ಬಿಸಿ ಮರಳಿದೆ. ಪಾರಿ ಕೂಸನ್ನು ಒಮ್ಮೆ ಕೈಯಲ್ಲಿ ಹಿಡಿಯಬೇಕೆಂದಳಂತೆ. ಮಾರ್ಥಾ ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟಳಂತೆ. ಈಗ ತಾಯಿ ಮಗಳು ಇಬ್ಬರೂ ಅಳುತ್ತಿದ್ದಾರೆ, ಅಳಲಿ, ಅಳಲಿಕ್ಕೆ ಪಾರಿ ಇದ್ದಾಳಲ್ಲ ಎಂದು ಡಾಕ್ಟರು ಮೂಗು ಒರೆಸಿಕೊಂಡರು.

ಕಸ್ತೂರಿ ಮೇಜಿನ ಮೇಲೆ ತಲೆಯಿಟ್ಟಳು. ಅಷ್ಟರಲ್ಲಿ ಮತ್ತೆ ಫೋನ್.

ಕರಾವಳಿಯ ಯಾವುದೋ ಸಣ್ಣ ಆಸ್ಪತ್ರೆಯ ಹೊಸ ಡಾಕ್ಟರು. ದನಿ ಇನ್ನೂ ಹರೆಯದ್ದು. ಬಾಗಿಲು ಮಧ್ಯಾಹ್ನವೇ ತೆರೆದಿತ್ತಂತೆ. ಆಗಿನಿಂದ ಅದರ ಮುಂದೆಯೇ ನಿಂತಿದ್ದಾಳೆ. ಒಳಗೆ ಇರುವುದೆಲ್ಲ ಕಾಣುತ್ತದೆ, ಕೈ ಮಾತ್ರ ಮುಂದೆ ಹೋಗುತ್ತಿಲ್ಲ. ಹಿಂದಿನ ಮಂಚದ ಮೇಲೆ ಹೆಂಗಸು ನರಳುವುದು ಫೋನಿನಲ್ಲೂ ಕೇಳಿಸುತ್ತಿತ್ತು.

"ಮೇಡಂ, ನಿಮ್ಮ ಮಷೀನ್ ಏನಾದ್ರೂ ಹಾಳಾಗಿದ್ಯಾ? ನಂಗೆ ನಿಜ ಹೇಳಿ."

"ಹಾಳಾಗಿತ್ರಿ ಡಾಕ್ಟ್ರ, ಇವತ್ತ ರಿಪೇರಿ ಆಗೇತಿ," ಎಂದಳು ಕಸ್ತೂರಿ. "ಫೋನ್ ಇಟ್ಟು ಕೈ ತೊಳಕೋರಿ."